ಸೀಸದ ಲೆಕ್ಕ, ರಕ್ತದ ಲೆಕ್ಕ

ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸೇರಿ 2020ರ ಜುಲೈನಲ್ಲಿ ಹೊರತಂದ ‘ದಿ ಟಾಕ್ಸಿಕ್ ಟ್ರೂತ್’ ವರದಿ ಅಂದರೆ ಎಲ್ಲರಿಗೂ ನೆನಪಿರೋದು ಒಂದೇ ಸಂಖ್ಯೆ. ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆಯಂತೆ. ಅದರಲ್ಲಿ ಭಾರತದ ಪಾಲು 27.5 ಕೋಟಿ. ಇಷ್ಟು ಕೇಳಿಯೂ ನಮ್ಮ ನಿದ್ದೆ ಯಾಕೆ ಕೆಡಲಿಲ್ಲ? ಅರ್ಧ ಉತ್ತರ ಆ ವರದಿಯಲ್ಲೇ ಇದೆ.

ಬರವಣಿಗೆ ಚೆನ್ನಾಗಿಲ್ಲ ಅಂತಲ್ಲ. ಸೀಸ ದೇಹಕ್ಕೆ ಮೋಸ ಮಾಡುವ ಬಗೆಯನ್ನು ಸೊಗಸಾಗಿ ಬಿಡಿಸಿ ಹೇಳ್ತಾರೆ. ಕ್ಯಾಲ್ಸಿಯಂ ವೇಷ ಹಾಕಿಕೊಂಡು ಬಂದು ಮೂಳೆಯಲ್ಲಿ ಮನೆ ಮಾಡುತ್ತೆ. ದೊಡ್ಡವರ ದೇಹಕ್ಕಿಂತ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಜ್ವರ ಇಲ್ಲ, ದದ್ದು ಇಲ್ಲ. ಮಗು ಓದಿನಲ್ಲಿ ಹಿಂದೆ ಬೀಳುತ್ತೆ, ಸುಮ್ಮಸುಮ್ಮನೆ ಸಿಡುಕುತ್ತೆ. ‘ಗಮನ ಕೊಡಲ್ಲ’ ಅಂತ ಮಿಸ್ ಡೈರಿಯಲ್ಲಿ ಬರೀತಾರೆ, ಅಷ್ಟೆ.

ತಕರಾರು ಇರೋದು ಆ 80 ಕೋಟಿಯ ಬಗ್ಗೆ. ಅದು ಸೂಜಿ ಚುಚ್ಚಿ ಅಳೆದ ರಕ್ತವಲ್ಲ, ಅಮೆರಿಕದ ಐಎಚ್‌ಎಂಇ ಸಂಸ್ಥೆಯ ಗಣಿತ ಮಾದರಿ ಕೊಟ್ಟ ಅಂದಾಜು. ವರದಿ ಇದನ್ನು ಮುಚ್ಚಿಟ್ಟಿಲ್ಲ, ನಿಜ. ಆದರೆ ಅಂದಾಜಿಗೆ ಯಾವ ಸರ್ಕಾರ ಹೆದರುತ್ತೆ ಹೇಳಿ? ಅದೇ ವರದಿಯ ಜಾರ್ಜಿಯಾ ಭಾಗವನ್ನು ಓದಿ. ಅಲ್ಲಿ 2018ರ ಸಮೀಕ್ಷೆಯಲ್ಲಿ ಮಕ್ಕಳ ರಕ್ತ ತೆಗೆದು ಇಟಲಿಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. 41% ಮಕ್ಕಳಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಬಂತು. ಆಮೇಲೆ ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಅಡುಗೆಮನೆಯ ಮಸಾಲೆ ಡಬ್ಬಿ. ಇಡೀ ಪುಸ್ತಕದಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಈ ಕೆಲವೇ ಪುಟ.

ಬಾಂಗ್ಲಾದೇಶದಲ್ಲೂ ಹೀಗೇ ಆಯ್ತು. ಅಲ್ಲಿ ಅರಿಶಿನ ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಬಳಿಯುತ್ತಿದ್ದರು. ಸ್ಟ್ಯಾನ್‌ಫರ್ಡ್ ಮತ್ತು ಢಾಕಾದ ಐಸಿಡಿಡಿಆರ್,ಬಿ ಸಂಶೋಧಕರು ಗರ್ಭಿಣಿಯರ ರಕ್ತದಿಂದ ಹಿಡಿದು ಮಂಡಿಯವರೆಗೆ ಜಾಡು ಹಿಡಿದರು, ಆಹಾರ ಸುರಕ್ಷತಾ ಪ್ರಾಧಿಕಾರ ದಾಳಿ ಮಾಡಿ ದಂಡ ಹಾಕಿತು. 2019ರಲ್ಲಿ ಮಾರುಕಟ್ಟೆಯ 47% ಅರಿಶಿನದ ಮಾದರಿಗಳಲ್ಲಿ ಸೀಸ ಇತ್ತು, 2021ರ ಹೊತ್ತಿಗೆ ಸೊನ್ನೆ. ಅಂತಾರಾಷ್ಟ್ರೀಯ ಸಹಕಾರ ಅಂದರೆ ನನ್ನ ಮಟ್ಟಿಗೆ ಇದು. ನಮ್ಮಲ್ಲೋ, ಸೀಸದ ವಿಷದ ಬಗ್ಗೆ 1999ರಲ್ಲೇ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯ್ತು. ದೇಶಾದ್ಯಂತ ಮಕ್ಕಳ ರಕ್ತವನ್ನು ನಿಯಮಿತವಾಗಿ ಅಳೆಯುವ ವ್ಯವಸ್ಥೆ ಮಾತ್ರ ಇನ್ನೂ ಬಂದಿಲ್ಲ.

ವರದಿಯ ಇನ್ನೊಂದು ಕೊರತೆ ನಮಗೆ ಹಿತವಾಗಿಯೇ ಇದೆ. ಬಾಂಗ್ಲಾದ ಕಾಠ್‌ಗೊರಾ, ಘಾನಾದ ಅಗ್ಬೊಗ್ಬ್ಲೊಶಿ, ಇಂಡೋನೇಷ್ಯಾದ ಪೆಸಾರಿಯನ್: ಕ್ಯಾಮೆರಾ ಹೋಗೋದೆಲ್ಲ ಹಳೆ ಬ್ಯಾಟರಿ ಒಡೆದು ಕರಗಿಸುವವರ ಅಂಗಳಕ್ಕೆ, ಗುಜರಿ ರಾಶಿಗೆ. ಜಗತ್ತಿನ ಸೀಸದಲ್ಲಿ ಸುಮಾರು 85% ಹೋಗೋದು ಬ್ಯಾಟರಿಗೇ ಅಂತ ವರದಿಯೇ ಹೇಳುತ್ತೆ. ಆ ಬ್ಯಾಟರಿ ಕೊಂಡವರು ಯಾರು? ಯುಪಿಎಸ್ ಬೀಪ್ ಅಂದರೆ ಮೀಟಿಂಗ್ ತಪ್ಪುತ್ತೆ ಅಂತ ಹೆದರುವ ನಾವೇ ಅಲ್ವಾ? ಹಳೇದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಬಿಲ್‌ನಲ್ಲಿ ಸ್ವಲ್ಪ ಕಡಿಮೆ ಮಾಡಿಸಿಕೊಳ್ತೀವಿ. ಅದು ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೆ ಅಂತ ಎಷ್ಟು ಜನ ಕೇಳ್ತೀವಿ?

ವರದಿ ಬಂದ ನಾಲ್ಕು ವರ್ಷಕ್ಕೆ, 2024ರ ಸೆಪ್ಟೆಂಬರಿನಲ್ಲಿ, ಯುನಿಸೆಫ್ ಮತ್ತು ಅಮೆರಿಕದ ಯುಎಸ್‌ಏಡ್ ಸೇರಿ ಹೊಸ ಒಕ್ಕೂಟವೊಂದನ್ನು ಶುರು ಮಾಡಿದವು. ಸುಮಾರು 15 ಕೋಟಿ ಡಾಲರ್ ಹಣದ ಭರವಸೆ, 2040ರ ಗುರಿ. ವರ್ಷ ತುಂಬುವ ಮೊದಲೇ, 2025ರ ಜುಲೈನಲ್ಲಿ, ಯುಎಸ್‌ಏಡ್‌ನ ಬಾಗಿಲೇ ಮುಚ್ಚಿತು. ಒಕ್ಕೂಟ ಇನ್ನೂ ಇದೆ. ಅದು ಮತ್ತೊಂದು ದಪ್ಪ ವರದಿ ತರುವ ಬದಲು ಒಂದು ಜಿಲ್ಲೆಯ ಅಂಗನವಾಡಿಗಳಿಗೆ ರಕ್ತ ಪರೀಕ್ಷೆಯ ಕಿಟ್ ಕಳಿಸಿದರೆ ನಾನಂತೂ ಆ ಫಲಿತಾಂಶದ ಪಟ್ಟಿಯನ್ನು ಕೂತು ಪೂರ್ತಿ ಓದ್ತೀನಿ.