ಬೀನ್ ಹುಟ್ಟಿಸುವ ಸ್ಪ್ರಿಂಗ್, ಬೀನ್ ಮುಗಿಸುವವರು ಯಾರು?

2002ರಲ್ಲಿ ರಾಡ್ ಜಾನ್ಸನ್ ಜೆ2ಇಇ ವಿನ್ಯಾಸದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅದರ ಜೊತೆ ಕೊಟ್ಟ ಸುಮಾರು 30,000 ಸಾಲುಗಳ ಕೋಡೇ ಮುಂದೆ ಸ್ಪ್ರಿಂಗ್ ಫ್ರೇಮ್‌ವರ್ಕ್ ಆಯಿತು. ಯೂರ್ಗನ್ ಹೋಲರ್, ಯಾನ್ ಕಾರೋಫ್ ಕೈಜೋಡಿಸಿದರು. 2004ರ ಮಾರ್ಚ್‌ನಲ್ಲಿ 1.0 ಆವೃತ್ತಿ ಹೊರಬಂತು. ಆಗಿನ ಎಂಟರ್‌ಪ್ರೈಸ್ ಜಾವಾಬೀನ್ ಬರೆದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಒಂದು ಪುಟ್ಟ ಸೇವೆಗೆ ಹೋಮ್ ಇಂಟರ್‌ಫೇಸ್ ಬೇಕು, ರಿಮೋಟ್ ಇಂಟರ್‌ಫೇಸ್ ಬೇಕು, ಎಕ್ಸ್‌ಎಂಎಲ್ ಡಿಸ್ಕ್ರಿಪ್ಟರ್ ಬೇಕು. ಒಳಗೆ ಏನೂ ಮಾಡದಿದ್ದರೂ ಆಕ್ಟಿವೇಟ್, ಪ್ಯಾಸಿವೇಟ್ ಮೆಥಡ್‌ಗಳನ್ನು ಖಾಲಿಯಾಗಿ ಬರೆದಿಡಬೇಕು. ಪರೀಕ್ಷೆ ಮಾಡಬೇಕೆಂದರೆ ಇಡೀ ಅಪ್ಲಿಕೇಶನ್ ಸರ್ವರ್ ಏಳಬೇಕು. ಸ್ಪ್ರಿಂಗ್ ಕೊಟ್ಟ ಭರವಸೆ ಸರಳವಾಗಿತ್ತು: ನಿಮ್ಮ ಕ್ಲಾಸ್ ಸಾದಾ ಜಾವಾ ಕ್ಲಾಸ್ ಆಗಿಯೇ ಇರಲಿ, ಅದಕ್ಕೆ ಏನೇನು ಬೇಕೆಂದು ಹೇಳಿ, ತಂದುಕೊಡುವುದು ಕಂಟೇನರ್‌ನ ಕೆಲಸ. ಕಂಟೇನರ್ ಹೀಗೆ ಕಟ್ಟಿ ನೋಡಿಕೊಳ್ಳುವ ಆಬ್ಜೆಕ್ಟೇ ಬೀನ್.

ಇವತ್ತು ಬೆಂಗಳೂರಿನಲ್ಲಿ ಜಾವಾ ಬರೆದು ಸಂಬಳ ತೆಗೆದುಕೊಳ್ಳುವವರಲ್ಲಿ ಸ್ಪ್ರಿಂಗ್ ಮುಟ್ಟದವರು ಅಪರೂಪ. ಇಷ್ಟು ಜನ ದಿನವಿಡೀ ಬಳಸುವ ಸಾಧನವನ್ನು ಅದರ ಮೊದಲ ಭರವಸೆಯಿಂದಲೇ ಅಳೆಯುವುದು ನ್ಯಾಯ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆಬ್ಜೆಕ್ಟ್‌ಗಳನ್ನು ಕಟ್ಟುವುದರಲ್ಲಿ ಸ್ಪ್ರಿಂಗ್ ಅದ್ಭುತ. ಅವುಗಳನ್ನು ಮುಗಿಸುವುದರಲ್ಲಿ ಅದು ಅರ್ಧಮನಸ್ಸಿನದು. ಈ ಎರಡರ ನಡುವಿನ ನಿಯಮಗಳನ್ನು ಅದು ಎಷ್ಟು ಚೆನ್ನಾಗಿ ಅಡಗಿಸಿದೆಯೆಂದರೆ, ತಪ್ಪು ಮಾಡಿದವರಿಗೆ ತಪ್ಪಾಗಿದೆ ಎಂಬ ಸುಳಿವೂ ಸಿಗುವುದಿಲ್ಲ.

ಕಾನ್ಫಿಗರೇಶನ್ ಕಥೆ ಎಲ್ಲರಿಗೂ ಗೊತ್ತಿರುವುದೇ. ಮೊದಲು ಎಕ್ಸ್‌ಎಂಎಲ್. 2007ರ 2.5ರಲ್ಲಿ ಆಟೋವೈರ್ಡ್, ಕಾಂಪೊನೆಂಟ್ ಅನೊಟೇಶನ್‌ಗಳು ಬಂದವು. 2009ರ 3.0ರಲ್ಲಿ ಜಾವಾ ಕೋಡಿನಲ್ಲೇ ಕಾನ್ಫಿಗರೇಶನ್ ಬರೆಯುವ ದಾರಿ ತೆರೆಯಿತು. ಎಕ್ಸ್‌ಎಂಎಲ್ ಅನ್ನು ಬೈಯುವುದು ರೂಢಿಯಾಗಿದೆ. ಆದರೆ ಯಾವ ಆಬ್ಜೆಕ್ಟ್ ಯಾವುದನ್ನು ಹಿಡಿದಿದೆ ಎಂಬುದು ಅಲ್ಲಿ ಒಂದೇ ಕಡೆ ಕಣ್ಣಿಗೆ ಕಾಣುತ್ತಿತ್ತು. ಫೀಲ್ಡ್‌ನ ತಲೆಯ ಮೇಲೆ ಆಟೋವೈರ್ಡ್ ಅಂಟಿಸುವ ಅಭ್ಯಾಸ ಬಂದಮೇಲೆ ಆ ನಕ್ಷೆ ಮಾಯವಾಯಿತು. ಫೀಲ್ಡನ್ನು ಫೈನಲ್ ಮಾಡಲು ಬರುವುದಿಲ್ಲ, ರಿಫ್ಲೆಕ್ಷನ್ ಇಲ್ಲದೆ ಟೆಸ್ಟ್ ಬರೆಯಲು ಆಗುವುದಿಲ್ಲ. ಒಂದು ಕ್ಲಾಸಿಗೆ ಹನ್ನೊಂದು ಅವಲಂಬನೆಗಳಿದ್ದರೂ ನೋಡಲು ಅಂದವಾಗಿಯೇ ಇರುತ್ತದೆ. ಅದೇ ಹನ್ನೊಂದನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಬರೆಯಲು ಹೋದರೆ ಬರೆದವರಿಗೇ ನಾಚಿಕೆಯಾಗುತ್ತದೆ, ಆ ನಾಚಿಕೆ ಒಳ್ಳೆಯದು. 2016ರ 4.3ರಿಂದ ಒಂದೇ ಕನ್‌ಸ್ಟ್ರಕ್ಟರ್ ಇರುವ ಕ್ಲಾಸಿಗೆ ಅನೊಟೇಶನ್ ಕೂಡ ಬೇಡ. ಹಾಗಿದ್ದೂ ಫೀಲ್ಡ್ ಇಂಜೆಕ್ಷನ್ ಇನ್ನೂ ಬದುಕಿರುವುದಕ್ಕೆ ಸೋಮಾರಿತನ ಬಿಟ್ಟರೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಈ ಮೂರು ದಾರಿಗಳಲ್ಲಿ ಜಾವಾ ಕಾನ್ಫಿಗರೇಶನ್ ಉತ್ತಮ. ಆದರೆ ಅದರಲ್ಲೂ ಒಂದು ಬಲೆಯಿದೆ. ಒಂದು ಕ್ಲಾಸಿನಲ್ಲಿ ಡೇಟಾಸೋರ್ಸ್ ಕಟ್ಟುವ ಬೀನ್ ಮೆಥಡ್ ಇದೆ, ಇನ್ನೆರಡು ಬೀನ್ ಮೆಥಡ್‌ಗಳು ಅದನ್ನು ನೇರವಾಗಿ ಕರೆಯುತ್ತವೆ ಎಂದಿಟ್ಟುಕೊಳ್ಳಿ. ಕ್ಲಾಸಿನ ಮೇಲೆ ಕಾನ್ಫಿಗರೇಶನ್ ಅನೊಟೇಶನ್ ಇದ್ದರೆ ಸ್ಪ್ರಿಂಗ್ ಓಡುವ ಹೊತ್ತಿನಲ್ಲೇ ಅದರ ಉಪಕ್ಲಾಸ್ ಒಂದನ್ನು ಸೃಷ್ಟಿಸಿ, ಆ ಕರೆಗಳನ್ನು ನಡುವೆಯೇ ಹಿಡಿದು, ಮೊದಲು ಕಟ್ಟಿದ ಬೀನನ್ನೇ ಕೊಡುತ್ತದೆ: ಒಂದೇ ಕನೆಕ್ಷನ್ ಪೂಲ್. ಅದರ ಜಾಗದಲ್ಲಿ ಕಾಂಪೊನೆಂಟ್ ಎಂದು ಬರೆದಿದ್ದರೆ ಅವು ಸಾದಾ ಜಾವಾ ಕರೆಗಳು. ಪ್ರತಿ ಕರೆಗೂ ಹೊಸ ಪೂಲ್, ಒಟ್ಟು ಮೂರು. ಹಿಕಾರಿ ಪೂಲ್ ತಾನಾಗಿಯೇ 10 ಕನೆಕ್ಷನ್‌ವರೆಗೆ ತೆರೆಯುತ್ತದೆ. ಮೂರೂ ಬಳಕೆಗೆ ಬಂದರೆ 30. ಅಪ್ಲಿಕೇಶನ್‌ನ ಅಂಥ ನಾಲ್ಕು ಪ್ರತಿಗಳನ್ನು ಓಡಿಸಿದರೆ 120. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ಕಂಪೈಲರ್ ಏನೂ ಹೇಳುವುದಿಲ್ಲ, ಟೆಸ್ಟ್‌ಗಳು ಪಾಸಾಗುತ್ತವೆ, ಪ್ರೊಡಕ್ಷನ್‌ನಲ್ಲಿ ದಟ್ಟಣೆ ಹೆಚ್ಚಿದ ದಿನ ಡೇಟಾಬೇಸ್ ಬಾಗಿಲು ಮುಚ್ಚುತ್ತದೆ. ಜೊತೆಗೆ, ನೇರ ಕರೆಯಿಂದ ಹುಟ್ಟಿದ ಆ ಎರಡು ಪೂಲ್‌ಗಳು ಕಂಟೇನರ್‌ನ ಲೆಕ್ಕದಲ್ಲೇ ಇಲ್ಲ. ಅಪ್ಲಿಕೇಶನ್ ನಿಲ್ಲುವಾಗ ಅವುಗಳ ಕ್ಲೋಸ್ ಕರೆಯುವವರು ಯಾರೂ ಇರುವುದಿಲ್ಲ.

ಒಂದು ಪದ ಬದಲಾದರೆ ಜಾವಾ ಭಾಷೆಯ ಅರ್ಥವೇ ಬದಲಾಗುವುದು ವಿನ್ಯಾಸದ ದೋಷ. ದಸ್ತಾವೇಜಿನಲ್ಲಿ ಎಚ್ಚರಿಕೆ ಬರೆದಿದ್ದಾರೆ ಎಂಬ ಕಾರಣಕ್ಕೆ ಅದು ಗುಣವಾಗುವುದಿಲ್ಲ. ಪರಿಹಾರ ಸುಲಭ: ಬೇಕಾದ ಬೀನನ್ನು ಮೆಥಡ್‌ನ ಪ್ಯಾರಾಮೀಟರ್ ಆಗಿ ಕೇಳಿ, ಪಕ್ಕದ ಮೆಥಡನ್ನು ಕರೆಯಬೇಡಿ. 5.2ರಿಂದ ಈ ಉಪಕ್ಲಾಸ್ ತಂತ್ರವನ್ನೇ ಆರಿಸಿಡಬಹುದು. ಸ್ಪ್ರಿಂಗ್ ಬೂಟ್ ತನ್ನ ಸ್ವಂತ ಆಟೋಕಾನ್ಫಿಗರೇಶನ್ ಕ್ಲಾಸ್‌ಗಳಲ್ಲಿ ಅದನ್ನು ಆರಿಸಿಯೇ ಇಟ್ಟಿದೆ. ಕಟ್ಟಿದವರೇ ತಮ್ಮ ಮನೆಯಲ್ಲಿ ಬಳಸದ ತಂತ್ರವನ್ನು ನಾವು ನೆಚ್ಚಿಕೊಳ್ಳುವುದೇಕೆ?

ಇನ್ನು ಜೀವನಚಕ್ರ. ಆಬ್ಜೆಕ್ಟ್ ಹುಟ್ಟುತ್ತದೆ, ಅವಲಂಬನೆಗಳು ತುಂಬುತ್ತವೆ, ಪೋಸ್ಟ್‌ಕನ್‌ಸ್ಟ್ರಕ್ಟ್ ಮೆಥಡ್ ಓಡುತ್ತದೆ, ಆಮೇಲೆ ಟ್ರಾನ್ಸಾಕ್ಷನ್‌ನಂಥ ಸೌಲಭ್ಯಗಳನ್ನು ಹೊತ್ತ ಪ್ರಾಕ್ಸಿ ಅದನ್ನು ಸುತ್ತುವರಿಯುತ್ತದೆ. ಈ ಅನುಕ್ರಮಕ್ಕೆ ತರ್ಕವಿದೆ, ನಾನು ಅದನ್ನು ಮೆಚ್ಚುತ್ತೇನೆ. ಆದರೆ ಪರಿಣಾಮ ನೋಡಿ. ಪೋಸ್ಟ್‌ಕನ್‌ಸ್ಟ್ರಕ್ಟ್‌ನಲ್ಲಿ ನಿಂತು ತನ್ನದೇ ಟ್ರಾನ್ಸಾಕ್ಷನಲ್ ಮೆಥಡನ್ನು ಕರೆದರೆ ಅಲ್ಲಿ ಟ್ರಾನ್ಸಾಕ್ಷನ್ ಇರುವುದೇ ಇಲ್ಲ, ಏಕೆಂದರೆ ಪ್ರಾಕ್ಸಿ ಇನ್ನೂ ಬಂದಿಲ್ಲ. ಮೊದಲ ಸಲದ ದತ್ತಾಂಶ ತುಂಬುವ ಕೋಡನ್ನು ಜನ ಬರೆಯುವುದು ಸಾಮಾನ್ಯವಾಗಿ ಅಲ್ಲಿಯೇ. ನಡುವೆ ಎಡವಿದರೆ ಅರ್ಧ ಸಾಲುಗಳು ಟೇಬಲ್‌ನಲ್ಲಿ ಉಳಿಯುತ್ತವೆ, ರೋಲ್‌ಬ್ಯಾಕ್ ಆಗುವುದಿಲ್ಲ, ಅನೊಟೇಶನ್ ಮಾತ್ರ ಮೆಥಡ್‌ನ ಮೇಲೆ ನೆಮ್ಮದಿಯಿಂದ ಕುಳಿತಿರುತ್ತದೆ. ಅಂಥ ಕೆಲಸವನ್ನು ಅಪ್ಲಿಕೇಶನ್ ಪೂರ್ತಿ ಸಿದ್ಧವಾದ ಮೇಲೆ ಬರುವ ರೆಡಿ ಈವೆಂಟ್‌ಗೆ ಒಪ್ಪಿಸಬೇಕು. ಅಷ್ಟು ಹೊತ್ತಿಗೆ ಪ್ರಾಕ್ಸಿಗಳೆಲ್ಲ ಜಾಗದಲ್ಲಿರುತ್ತವೆ.

ಪ್ರೊಟೊಟೈಪ್ ಸ್ಕೋಪ್‌ನ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿ. ಕೇಳಿದಾಗಲೆಲ್ಲ ಹೊಸ ಆಬ್ಜೆಕ್ಟ್ ಕೊಡುವ ಈ ಬೀನ್‌ಗೆ ಕಂಟೇನರ್ ಪೋಸ್ಟ್‌ಕನ್‌ಸ್ಟ್ರಕ್ಟ್ ಓಡಿಸುತ್ತದೆ, ಮುಗಿಯುವಾಗ ಓಡಬೇಕಾದ ಪ್ರಿಡೆಸ್ಟ್ರಾಯ್ ಓಡಿಸುವುದಿಲ್ಲ. ಎಲೆ ಹಾಕಿದವರು ಊಟ ಮುಗಿದಮೇಲೆ ಎಲೆ ಎತ್ತುವ ಹೊಣೆ ತಮ್ಮದಲ್ಲ ಎಂದ ಹಾಗೆ. ಕೊಟ್ಟ ಪ್ರತಿಯೊಂದು ಆಬ್ಜೆಕ್ಟನ್ನೂ ಕಂಟೇನರ್ ನೆನಪಿಟ್ಟುಕೊಂಡರೆ ಮೆಮೊರಿ ಸೋರುತ್ತದೆ ಎಂಬ ಸಮರ್ಥನೆಯನ್ನು ಒಪ್ಪುತ್ತೇನೆ. ಆದರೆ ಎಂದೂ ಓಡದ ಪ್ರಿಡೆಸ್ಟ್ರಾಯ್ ಅನ್ನು ಪ್ರೊಟೊಟೈಪ್ ಬೀನ್‌ನಲ್ಲಿ ಬರೆಯಲು ಬಿಟ್ಟು ಸುಮ್ಮನಿರುವುದು ಯಾವ ನ್ಯಾಯ? ಆರಂಭದಲ್ಲೇ ಒಂದು ಎಚ್ಚರಿಕೆಯ ಸಾಲು ಲಾಗ್‌ಗೆ ಬರೆದಿದ್ದರೆ ಎಷ್ಟೋ ಫೈಲ್ ಹ್ಯಾಂಡಲ್‌ಗಳು ಉಳಿಯುತ್ತಿದ್ದವು.

ಸಿಂಗಲ್‌ಟನ್‌ಗಳ ಮುಕ್ತಾಯ ಇದಕ್ಕಿಂತ ಎಷ್ಟೋ ವಾಸಿ: ಅವಲಂಬಿಸಿದ್ದು ಮೊದಲು ಹೋಗುತ್ತದೆ, ಆಧಾರವಾದದ್ದು ಆಮೇಲೆ. 2020ರ ಬೂಟ್ 2.3ರಲ್ಲಿ ಕೈಯಲ್ಲಿರುವ ವಿನಂತಿಗಳನ್ನು ಮುಗಿಸಿ ನಿಲ್ಲುವ ಗ್ರೇಸ್‌ಫುಲ್ ಶಟ್‌ಡೌನ್ ಬಂತು. ಆದರೆ ಇಲ್ಲಿ ಎರಡು ಗಡಿಯಾರಗಳಿವೆ. ಬೂಟ್ ಮುಕ್ತಾಯದ ಪ್ರತಿ ಹಂತಕ್ಕೂ 30 ಸೆಕೆಂಡ್ ಕಾಯಬಲ್ಲದು. ಕುಬರ್ನೆಟೀಸ್ ಇಡೀ ಪಾಡ್‌ಗೆ ನಿಲ್ಲಲು ಕೊಡುವ ಸಮಯವೇ 30 ಸೆಕೆಂಡ್. ವಿನಂತಿಗಳನ್ನು ಮುಗಿಸುವುದರಲ್ಲೇ ಅಷ್ಟೂ ಸಮಯ ಕಳೆದರೆ ಸಿಗ್‌ಕಿಲ್ ಬೀಳುತ್ತದೆ, ಒಂದೇ ಒಂದು ಪ್ರಿಡೆಸ್ಟ್ರಾಯ್ ಕೂಡ ಓಡುವುದಿಲ್ಲ. ಎರಡನ್ನೂ ಮೂಲ ಸ್ಥಿತಿಯಲ್ಲೇ ಬಿಟ್ಟವರಿಗೆ ಈ ಅಪಾಯ ತಪ್ಪಿದ್ದಲ್ಲ. ಬೂಟ್‌ನ ಮಿತಿ ಕುಬರ್ನೆಟೀಸ್‌ನದಕ್ಕಿಂತ ಸಾಕಷ್ಟು ಕಡಿಮೆ ಇರಲೇಬೇಕು.

ಅವಲಂಬನೆ ತುಂಬುವ ಡ್ಯಾಗರ್‌ನಂಥ ಬೇರೆ ಸಾಧನಗಳು ಜೋಡಣೆಯನ್ನು ಕಂಪೈಲ್ ಹೊತ್ತಿಗೇ ಪರೀಕ್ಷಿಸಿ ಅವಲಂಬನೆ ಸಿಗದಿದ್ದರೆ ಅಲ್ಲೇ ನಿಲ್ಲಿಸುತ್ತವೆ. ಆ ಶಿಸ್ತು ನನಗೆ ಇಷ್ಟ. ಸ್ಪ್ರಿಂಗ್ ಕೂಡ ಅತ್ತ ಸರಿಯುತ್ತಿದೆ. 2021ರ ಬೂಟ್ 2.6 ಒಂದನ್ನೊಂದು ಅವಲಂಬಿಸಿ ಸುತ್ತಿಕೊಂಡ ಬೀನ್‌ಗಳನ್ನು ಮೂಲ ಸ್ಥಿತಿಯಲ್ಲೇ ನಿಷೇಧಿಸಿತು. ಬಹಳ ತಂಡಗಳು ಗೊಣಗಿದವು, ಒಂದು ಪ್ರಾಪರ್ಟಿ ಬದಲಿಸಿ ಹಳೆಯ ದಾರಿಗೇ ಮರಳಿದವು. ಸ್ಪ್ರಿಂಗ್ ಮಾಡಿದ್ದು ಸರಿ, ಮರಳಿದ್ದು ತಪ್ಪು.

ಇಷ್ಟೆಲ್ಲ ಹೇಳಿದರೂ ಸ್ಪ್ರಿಂಗ್ ಬಿಡಿ ಎಂದು ನಾನು ಹೇಳಲಾರೆ. ಸಾದಾ ಕ್ಲಾಸ್‌ನ ಭರವಸೆ ಅದರಲ್ಲಿ ಈಗಲೂ ಇದೆ, ಕನ್‌ಸ್ಟ್ರಕ್ಟರ್ ಮೂಲಕ ಬರೆದವರಿಗೆ ಪೂರ್ತಿಯಾಗಿ ಸಿಗುತ್ತದೆ. ನಿಮ್ಮ ತಂಡದ ಮುಂದಿನ ಕೋಡ್ ರಿವ್ಯೂನಲ್ಲಿ ದಯವಿಟ್ಟು ಒಂದು ಕೆಲಸ ಮಾಡಿ: ಪೂಲ್, ಥ್ರೆಡ್, ಫೈಲ್ ಹಿಡಿದಿರುವ ಪ್ರತಿ ಬೀನ್‌ನ ಮುಂದೆ ನಿಂತು, ಇದನ್ನು ಮುಚ್ಚುವವರು ಯಾರು ಎಂದು ಕೇಳಿ. ಉತ್ತರ ಕೋಡಿನಲ್ಲಿ ಕಾಣದಿದ್ದರೆ ಆ ಬದಲಾವಣೆಯನ್ನು ಒಪ್ಪಬೇಡಿ.