ಓಲ್ಡ್ ಕೋರ್ಸಿನ ದೊಡ್ಡತನ
ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಗಾಲ್ಫ್ ಆಟದ ತವರು. ಆದರೂ ಅದು ಸಾರ್ವಜನಿಕ ಮೈದಾನ. ನನಗೆ ಅತ್ಯಂತ ಹಿಡಿಸಿದ್ದು ಇದೇ. ರಜೆಗೆ ಬಂದ ಹವ್ಯಾಸಿ ಆಟಗಾರ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಸೂಚಿಸುವ ಅಂಕ) ತೋರಿಸಿ ಹೆಸರು ಕೊಟ್ಟರೆ, ಚೀಟಿಯಲ್ಲಿ ಅದೃಷ್ಟ ಖುಲಾಯಿಸಿದರೆ, 2000 ಮತ್ತು 2005ರಲ್ಲಿ ಟೈಗರ್ ವುಡ್ಸ್ ಓಪನ್ ಚಾಂಪಿಯನ್‌ಶಿಪ್ ಗೆದ್ದ ನೆಲದಲ್ಲೇ ಆಡಬಹುದು.

ಹದಿನೇಳನೆಯದಾದ ರೋಡ್ ಹೋಲ್ ನೋಡಿ. ಮೊದಲ ಹೊಡೆತವೇ ಹೋಟೆಲಿನ ಪಕ್ಕದ ಶೆಡ್ಡುಗಳ ಮೇಲಿಂದ ಹಾರಬೇಕು. ಚೆಂಡು ಬೀಳುವ ಜಾಗ ಕಣ್ಣಿಗೆ ಕಾಣದು. ಕುಳಿಯಿರುವ ಗ್ರೀನ್‌ನ ಮುಂದೆ ಆಳವಾದ ಮರಳುಗುಂಡಿ, ಹಿಂದೆ ರಸ್ತೆ, ಅದರಾಚೆ ಕಲ್ಲುಗೋಡೆ. ರಸ್ತೆಗೆ ಬಿದ್ದ ಚೆಂಡನ್ನು ಅಲ್ಲಿಂದಲೇ ಹೊಡೆಯಬೇಕು. ಚಾಂಪಿಯನ್ನನಿಗೂ ಪ್ರವಾಸಿಗೂ ಒಂದೇ ನಿಯಮ. ಎಂಥ ನ್ಯಾಯ!

ಭಾನುವಾರ ಸಾಮಾನ್ಯವಾಗಿ ಆಟವಿಲ್ಲ, ಅಂದು ಊರವರು ನಾಯಿ ಹಿಡಿದು ಅಡ್ಡಾಡುತ್ತಾರೆ. ಆಡಲು ಹೋಗುವವರು ಬೇರೆ ದಿನ ಗೊತ್ತುಮಾಡಿಕೊಳ್ಳಿ.