ಹಳೆಯ ಸಾಮಾನಿನ ಅಂಗಡಿಯೂ ರಸಿಕನ ಕಣ್ಣೂ

ಹಳೆಯ ಸಾಮಾನುಗಳ ಅಂಗಡಿಯನ್ನು ಹೊಕ್ಕು, ಧೂಳು ಕವಿದ ರಾಶಿಯೊಳಗಿಂದ ಉತ್ತಮ ವಸ್ತುವೊಂದನ್ನು ಅಲ್ಪ ಬೆಲೆಗೆ ಆರಿಸಿ ತರುವ ಸುಖವನ್ನು ಕೆಲವರು ಜಿಪುಣತನವೆಂದೂ ಕೆಲವರು ಹುಚ್ಚೆಂದೂ ಹಳಿಯುವುದುಂಟು. ಈ ಸುಖವು ಹಣದ ಉಳಿತಾಯದಿಂದ ಹುಟ್ಟತಕ್ಕದ್ದೆ, ಅಥವಾ ಅದಕ್ಕೆ ಬೇರೊಂದು ಮೂಲವುಂಟೆ? ಪಾಶ್ಚಾತ್ಯ ಸಾಹಿತ್ಯದ ಇಬ್ಬರು ಲೇಖಕರ ಉತ್ತರಗಳನ್ನು ವಾಚಕರೊಡನೆ ಇಲ್ಲಿ ತೂಗಿನೋಡುವೆನು.

ಮೊದಲನೆಯವನು ಆಂಗ್ಲ ಪ್ರಬಂಧಕಾರನಾದ ಚಾರ್ಲ್ಸ್ ಲ್ಯಾಂಬ್. 1823ರಲ್ಲಿ ಪ್ರಕಟವಾದ ‘ಓಲ್ಡ್ ಚೈನಾ’ ಎಂಬ ಪ್ರಬಂಧದಲ್ಲಿ ಬ್ರಿಜೆಟ್ ಎಂಬಾಕೆಯು ಬಡತನದ ದಿನಗಳನ್ನು ನೆನೆಯುತ್ತಾಳೆ. ಈಕೆ ಲೇಖಕನ ಅಕ್ಕನಾದ ಮೇರಿಯ ಪ್ರತಿಬಿಂಬ. ಬ್ಯೂಮಾಂಟ್ ಮತ್ತು ಫ್ಲೆಚರರ ನಾಟಕಗಳ ಹಳೆಯ ಸಂಪುಟವೊಂದನ್ನು ಅವರಿಬ್ಬರೂ ಅಂಗಡಿಯಲ್ಲಿ ವಾರಗಟ್ಟಲೆ ನೋಡಿ ನೋಡಿ, ಕಡೆಗೆ ಒಂದು ಶನಿವಾರ ರಾತ್ರಿ 10 ಗಂಟೆಯ ಸುಮಾರಿಗೆ ಮನಸ್ಸು ಗಟ್ಟಿಮಾಡಿದರು; ವ್ಯಾಪಾರಿಯು ಗೊಣಗುತ್ತಲೇ ಬಾಗಿಲು ತೆರೆದು, ದೀಪ ಹಿಡಿದು ಹುಡುಕಿಕೊಟ್ಟನು. 15–16 ಷಿಲಿಂಗುಗಳ ಆ ವೆಚ್ಚವನ್ನು ಸರಿದೂಗಿಸಲು ಲ್ಯಾಂಬನು ಸವೆದ ಉಡುಪನ್ನೇ ಇನ್ನೂ ಕೆಲವು ವಾರ ತೊಡಬೇಕಾಯಿತು. ಹಣ ಬಂದಮೇಲೆ ಆ ಗೆಲವು ಮಾಯವಾಯಿತೆಂಬುದು ಆಕೆಯ ಕೊರಗು. ಅಂದು ಸುಖಕೊಟ್ಟದ್ದು ಬಡತನವಲ್ಲ, ತಾರುಣ್ಯವೆಂಬುದು ಲ್ಯಾಂಬನ ಮೃದುವಾದ ಸಮಾಧಾನ. ಇಬ್ಬರ ಮಾತಿನಲ್ಲೂ ಒಂದಂಶ ಸ್ಪಷ್ಟ: ಕೊಂಡ ವಸ್ತುವಿನೊಡನೆ ಕಾದ ದಿನಗಳೂ ಮನೆಗೆ ಬಂದಿದ್ದವು.

ಎರಡನೆಯವನು ಫ್ರೆಂಚ್ ಕಾದಂಬರಿಕಾರನಾದ ಬಾಲ್ಜಾಕ್. ಇಂಗ್ಲಿಷಿನಲ್ಲಿ ‘ದಿ ವೈಲ್ಡ್ ಆಸಸ್ ಸ್ಕಿನ್’ ಎಂದು ಪ್ರಸಿದ್ಧವಾದ 1831ರ ಕಾದಂಬರಿಯಲ್ಲಿ ಆತನು ಇಂತಹದೊಂದು ಅಂಗಡಿಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿರುವನು. ಅಲ್ಲಿ ಹುಲ್ಲು ತುಂಬಿದ ಮೊಸಳೆಯೂ ಇಗರ್ಜಿಯ ಬಣ್ಣದ ಗಾಜೂ ಒಂದೇ ಸಾಲಿನಲ್ಲಿ ಬಿದ್ದಿವೆ. ಆದರೆ ಅಲ್ಲಿಗೆ ಹೊಕ್ಕ ತರುಣನು ಸಾಯಲು ನಿಶ್ಚಯಿಸಿದವನು; ಅವನಿಗೆ ಕಂಡುದು ರಾಶಿಯೇ ಹೊರತು ವಸ್ತುವಲ್ಲ. ರಾಶಿಯಲ್ಲಿ ವಸ್ತುವನ್ನು ಕಾಣಬಲ್ಲವನು 1847ರ ‘ಕಸಿನ್ ಪಾನ್ಸ್’ ಕಾದಂಬರಿಯ ನಾಯಕ. ಹಳೆಯ ಕಾಲದ ಉಡುಪಿನ ಈ ಬಡ ಸಂಗೀತಗಾರನು, ಒಂದು ವಸ್ತುವಿಗೆ 100 ಫ್ರಾಂಕುಗಳಿಗಿಂತ ಹೆಚ್ಚು ಕೊಡಬಾರದೆಂಬ ವ್ರತ ತೊಟ್ಟು, ಪ್ಯಾರಿಸಿನ ಬೀದಿಗಳನ್ನು ಸುತ್ತಿ, ಮನೆಯನ್ನೇ ಕಲಾಶಾಲೆಯನ್ನಾಗಿ ಮಾಡಿದವನು. ಚಿತ್ರಕಾರನಾದ ವಾಟೋ ಬರೆದ ಬೀಸಣಿಗೆಯನ್ನು ಅವನು ಸಂಪಾದಿಸಿ ಶ್ರೀಮಂತ ಬಂಧುವಿನ ಪತ್ನಿಗೆ ಉಡುಗೊರೆಯಾಗಿ ಒಯ್ದರೆ, ವಾಟೋ ಯಾರೆಂಬುದೇ ಆಕೆಗೆ ತಿಳಿಯದು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ!

ವ್ಯಾಪಾರಿಯ ಅಜ್ಞಾನವನ್ನು ಬಳಸಿಕೊಳ್ಳುವ ಸುಖವು ನಿರ್ದೋಷವೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಪಾನ್ಸನು ವ್ಯಾಪಾರಿಯ ಮುಂದೆ ತನ್ನ ಉತ್ಸಾಹವನ್ನು ಮುಚ್ಚಿಡಬಲ್ಲವನೇ. ಆದರೆ ಅವನು ಕೊಂಡುದನ್ನು ಮಾರುವವನಲ್ಲ. ಲಾಭವನ್ನು ಎಣಿಸದವನ ಗೆಲವಿಗೂ ಲಾಭಕೋರನ ಗೆಲವಿಗೂ ಅಂತರವುಂಟು. ಈ ಅಂತರವನ್ನು ಕಥೆಯೇ ಸಿದ್ಧಪಡಿಸುತ್ತದೆ. ಸಂಗ್ರಹದ ಬೆಲೆ ಹೊರಬಿದ್ದ ಕೂಡಲೆ ಬಾಗಿಲು ಕಾಯುವವಳು, ವ್ಯಾಪಾರಿ, ವಕೀಲ, ಬಂಧು ಎಲ್ಲರೂ ಹದ್ದುಗಳಂತೆ ಮುದುಕನ ಮಂಚವನ್ನು ಸುತ್ತುತ್ತಾರೆ. ಅವನನ್ನು ಮನೆಯಿಂದ ದೂರಮಾಡಿದ ಆ ಬಂಧುಗಳೇ, ಅವನ ಸಂಗ್ರಹವು ಕೈಸೇರಿದ ಮೇಲೆ, ಅವನನ್ನು ಪ್ರೀತಿಸಿದ್ದೆವೆಂದು ಹೇಳಿಕೊಳ್ಳುತ್ತಾರೆ. ಉತ್ತರಾರ್ಧದಲ್ಲಿ ಒಳಸಂಚುಗಳ ಹೆಣಿಗೆ ಅತಿಯಾಗಿ ಬೆಳೆದು, ನಮಗೆ ಪ್ರಿಯವಾದ ಚಿತ್ರಗಳೂ ಪಿಂಗಾಣಿಗಳೂ ಬರಿಯ ಆಸ್ತಿಯಾಗಿ ಉಳಿಯುವುದು ಕೃತಿಯ ಕೊರತೆಯೆಂದು ಓದುತ್ತ ನನಗೆ ತೋರಿತ್ತು. ಮರಳಿ ಯೋಚಿಸಿದಾಗ ಅದೇ ಬಾಲ್ಜಾಕನ ತೀರ್ಪೆಂದು ಕಾಣುತ್ತದೆ: ನೋಡುವ ಕಣ್ಣು ಮುಚ್ಚಿದರೆ ವಸ್ತುವಿಗೆ ಉಳಿಯುವುದು ಬೆಲೆಯೊಂದೇ.

ಲ್ಯಾಂಬನಲ್ಲಿ ಮಾರಾಟಗಾರನ ಯೋಚನೆ ಹೆಚ್ಚಿಲ್ಲ. ಬಾಲ್ಜಾಕನಲ್ಲಿ ಲ್ಯಾಂಬನ ಮಾರ್ದವವಿಲ್ಲ. ಆದರೂ ಇಬ್ಬರೂ ಒಂದೇ ಕಡೆಗೆ ಕೈತೋರುತ್ತಾರೆ. ಅಗ್ಗವೆಂಬುದು ಈ ಸುಖಕ್ಕೆ ನೆಪ. ಗುರುತಿಸುವಿಕೆಯೇ ಅದರ ಜೀವ. ತಂದ ವಸ್ತುವಿನ ಮುಂದೆ ಕುಳಿತಾಗ ಉಳಿಸಿದ ಹಣವು ನೆನಪಾದರೆ ನಾವು ವರ್ತಕರು. ಹಣವು ಮರೆತು ವಸ್ತುವೇ ಕಣ್ತುಂಬಿದರೆ ರಸಿಕರು. ಹಳೆಯ ಅಂಗಡಿಯನ್ನು ಹೊಕ್ಕು ಬಂದವರೆಲ್ಲರೂ ತಮ್ಮನ್ನು ಈ ಒರೆಗಲ್ಲಿಗೆ ತಿಕ್ಕಿನೋಡಿಕೊಳ್ಳಬಹುದು.